ಏರ್‌ಗನ್ ಕೊಳ್ಳುವ ಮುನ್ನ: ಮಾಡೆಲ್ ಯಾವ ದೇಶದ್ದು?

ಒಂದೇ ಹೆಸರಿನ ಏರ್ ರೈಫಲನ್ನು ಕಂಪನಿಗಳು ದೇಶಕ್ಕೊಂದು ಶಕ್ತಿಯಲ್ಲಿ ಮಾರುತ್ತವೆ. ಕೆಲವು ಮಾಡೆಲ್‌ಗಳನ್ನು ಕೆಲವೆಡೆಗೆ ಕಳಿಸುವುದೇ ಇಲ್ಲ. ಆದ್ದರಿಂದ ಮೊದಲು ನಿಮ್ಮ ದೇಶದ ಶಕ್ತಿ ಮಿತಿ ನೋಡಿ. ಜರ್ಮನಿಯಲ್ಲಿ ಲೈಸೆನ್ಸಿಲ್ಲದೆ 7.5 ಜೂಲ್ (ಶಕ್ತಿಯ ಅಳತೆ) ವರೆಗೆ, ಜೊತೆಗೆ ಪಂಚಕೋನದೊಳಗೆ ‘ಎಫ್’ ಗುರುತು ಇರಲೇಬೇಕು. ಇಂಗ್ಲೆಂಡಿನಲ್ಲಿ ರೈಫಲ್‌ಗೆ 12 ಫುಟ್-ಪೌಂಡ್, ಅಂದರೆ ಸುಮಾರು 16.3 ಜೂಲ್. ಭಾರತದಲ್ಲಿ 20 ಜೂಲ್ ಅಥವಾ 4.5 ಮಿ.ಮೀ. ಬೋರ್ (ನಳಿಕೆಯ ಒಳವ್ಯಾಸ) ಮೀರಿದರೆ ಲೈಸೆನ್ಸ್ ಬೇಕು.

ಡಬ್ಬದ ಮೇಲಿನ ವೇಗವನ್ನಷ್ಟೇ ನಂಬಬೇಡಿ, ಅದು ಹೆಚ್ಚಾಗಿ ಹಗುರ ಪೆಲೆಟ್‌ನದು (ಏರ್‌ಗನ್‌ನ ಸಣ್ಣ ಗುಂಡು). ಶಕ್ತಿಯ ಲೆಕ್ಕ ಸುಲಭ: ಗ್ರಾಂ ತೂಕವನ್ನು ವೇಗದ (ಮೀ/ಸೆ) ವರ್ಗದಿಂದ ಗುಣಿಸಿ 2000ದಿಂದ ಭಾಗಿಸಿ. 0.5 ಗ್ರಾಂ ಪೆಲೆಟ್ 250 ಮೀ/ಸೆ ಹೋದರೆ 15.6 ಜೂಲ್. ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವ) ಗನ್‌ನಲ್ಲಿ ಭಾರದ ಪೆಲೆಟ್ ಹಾಕಿದರೆ ಶಕ್ತಿ ಸಾಮಾನ್ಯವಾಗಿ ಏರುತ್ತದೆ. ಹಗುರದ್ದರಲ್ಲಿ ಮಿತಿಯೊಳಗಿದ್ದ ಗನ್ ಆಗ ಮಿತಿ ದಾಟಬಹುದು, ಬಹಳ ಜನ ಎಡವುವುದು ಇಲ್ಲೇ. ಎರಡು ಮೂರು ತೂಕದ ಪೆಲೆಟ್‌ಗಳನ್ನು ಕ್ರೋನೋಗ್ರಾಫ್‌ನಲ್ಲಿ (ಗುಂಡಿನ ವೇಗ ಅಳೆಯುವ ಸಾಧನ) ಅಳೆಯಿರಿ.

ಬಿಡಿಭಾಗ ತರಿಸುವಾಗ ಮಾಡೆಲ್ ಹೆಸರು ಸಾಲದು, ಸೀರಿಯಲ್ ನಂಬರೂ ಕೊಡಿ. ಒಂದೇ ಮಾಡೆಲ್‌ನಲ್ಲೂ ದೇಶಕ್ಕೆ ತಕ್ಕಂತೆ ಸ್ಪ್ರಿಂಗ್, ಟ್ರಾನ್ಸ್‌ಫರ್ ಪೋರ್ಟ್ (ಗಾಳಿ ನಳಿಕೆಗೆ ಹೋಗುವ ರಂಧ್ರ) ಬೇರೆ ಇರಬಹುದು. ಕಡಿಮೆ ಶಕ್ತಿಯ ಗನ್‌ಗೆ ಬೇರೆ ದೇಶದ ಬಿಗಿ ಸ್ಪ್ರಿಂಗ್ ಹಾಕಲೇಬೇಡಿ. ಮಿತಿ ಮೀರಿದರೆ ಅದು ಅಪರಾಧ.