ಹಳೆ ಜೀಪಿಗೆ ರೇಡಿಯೇಟರ್ ಆರಿಸುವಾಗ ನಮ್ಮ ಘಟ್ಟ, ನಮ್ಮ ರಾಡಿ ನೆನಪಿರಲಿ

ಕುಮಟಾದಿಂದ ಗೊಬ್ಬರದ ಚೀಲ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ನಮ್ಮ ಮಹೀಂದ್ರ ಎಂಎಂ 540 ಜೀಪು ಕುದ್ದು ನಿಂತಿತು. ಅದಕ್ಕೆ ರೇಡಿಯೇಟರ್ ಹೊಸದು ಹಾಕಿಸಿ ಇನ್ನೂ ವರ್ಷ ಆಗಿರಲಿಲ್ಲ. ನಾಲ್ಕು ಸಾಲು ಕೊಳವೆಗಳ ದಪ್ಪ ಕೋರ್ (ಎಂಜಿನ್ನಿನ ಬಿಸಿ ನೀರು ಹರಿದು ತಣ್ಣಗಾಗುವ ನಡುಭಾಗ), ಇದಕ್ಕಿಂತ ದೊಡ್ಡದು ಈ ಗಾಡಿಗೆ ಇಲ್ಲ ಅಂತ ಹೇಳಿ ಕೊಟ್ಟಿದ್ದರು. ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರೆ ಕೆಳಗಿನ ಅರ್ಧ ಭಾಗದಲ್ಲಿ ಬೆಳಕೇ ದಾಟುತ್ತಿರಲಿಲ್ಲ. ತೋಟಕ್ಕೆ ಸೊಪ್ಪು ತರುವ ಬೆಟ್ಟದ ಕೆಂಪು ರಾಡಿ, ಹುಲ್ಲಿನ ಬೀಜ, ದರಕಿನ (ಒಣ ಎಲೆಯ) ಪುಡಿ ಎಲ್ಲಾ ಒಂದೇ ಮಳೆಗಾಲದಲ್ಲಿ ಕೊಳವೆಗಳ ಮಧ್ಯದ ತೆಳು ತಗಡು, ಅಂದರೆ ಒತ್ತೊತ್ತಾದ ಫಿನ್‌ಗಳ ನಡುವೆ ಸೇರಿ ಗಟ್ಟಿಯಾಗಿ ಕೂತಿತ್ತು. ದೊಡ್ಡದು ತಂದರೆ ಸಾಕು ಅನ್ನುವ ನಂಬಿಕೆ ನನಗೆ ಅಲ್ಲಿಗೆ ಹೋಯಿತು. ನಿಮ್ಮ ಗಾಡಿ ಯಾವ ದಾರಿಯಲ್ಲಿ ಓಡುತ್ತದೆ, ಕೆಟ್ಟರೆ ಹತ್ತಿರದಲ್ಲಿ ಯಾರು ರಿಪೇರಿ ಮಾಡುತ್ತಾರೆ, ಈ ಎರಡನ್ನು ಮೊದಲು ನೋಡಿ.

ಅದಕ್ಕೂ ಮುಂಚೆ ತಪ್ಪು ರೇಡಿಯೇಟರಿನದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಬೆಲ್ಟ್ ಸಡಿಲ ಇದ್ದರೂ, ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟ್ಯಾಟ್ ಅರ್ಧ ತೆರೆದು ಸಿಕ್ಕಿಕೊಂಡಿದ್ದರೂ, ವಾಟರ್ ಪಂಪ್ ಸೋತಿದ್ದರೂ ಗಾಡಿ ಕುದಿಯುತ್ತದೆ. ಪೇಟೆಯಲ್ಲಿ ನಿಧಾನ ಓಡುವಾಗ ಮಾತ್ರ ಬಿಸಿಯಾಗಿ, ಹೈವೇಯಲ್ಲಿ ತಣ್ಣಗಾದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಫ್ಯಾನ್ ಕಡೆ ನೋಡಿ. ವೇಗದಲ್ಲೂ ಬಿಸಿ ಏರುತ್ತಲೇ ಹೋದರೆ ಒಳಗಿನ ಕೊಳವೆಗಳು ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ತಣ್ಣಗಿನ ಎಂಜಿನ್‌ನಲ್ಲಿ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ನೀರಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹೋಗಿರಬಹುದು, ಆಗ ಎಂಥಾ ರೇಡಿಯೇಟರ್ ತಂದರೂ ಪ್ರಯೋಜನ ಇಲ್ಲ. ಬಿಸಿ ಎಂಜಿನ್‌ನ ಕ್ಯಾಪ್ ಮಾತ್ರ ಯಾವತ್ತೂ ತೆಗೆಯಬೇಡಿ, ಕೈ ಮುಖ ಸುಟ್ಟುಹೋಗುತ್ತದೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಹಳೆ ಕೋರಿನ ಫಿನ್ ಮೇಲೆ ಬೆರಳು ಉಜ್ಜಿ. ಪುಡಿಪುಡಿಯಾಗಿ ಉದುರಿದರೆ ಆ ಕೋರ್ ಮುಗಿಯಿತು, ಅದಕ್ಕೆ ಬೆಸುಗೆ ಹಾಕಿಸುವುದು ಸುಮ್ನೆ ಖರ್ಚು. ಕಾರವಾರ, ಅಂಕೋಲಾ ಕಡೆ ಸಮುದ್ರದ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ಹೊರಗಿನಿಂದ ಕೋರ್ ಇದ್ದ ಹಾಗೇ ಕಾಣುತ್ತದೆ, ಆದರೆ ಉಪ್ಪುಗಾಳಿಗೆ ಫಿನ್ ಕೊಳವೆಯಿಂದ ಬಿಟ್ಟುಕೊಂಡಿರುತ್ತದೆ. ಬಿಟ್ಟುಕೊಂಡ ಮೇಲೆ ಶಾಖ ಗಾಳಿಗೆ ದಾಟುವುದಿಲ್ಲ.

ಸರಿ, ಈಗ ಯಾವುದು ತಗೊಳ್ಳಬೇಕು? ತಾಮ್ರ-ಹಿತ್ತಾಳೆಯದ್ದಾ, ಅಲ್ಯುಮಿನಿಯಂದಾ? ಶಾಖ ಸಾಗಿಸುವುದರಲ್ಲಿ ತಾಮ್ರವೇ ಮುಂದು. ಆದರೆ ಅಲ್ಯುಮಿನಿಯಂ ಹಗುರ, ಅದರಲ್ಲಿ ಕೊಳವೆಗಳನ್ನು ಅಗಲವಾಗಿ ಮಾಡಬಹುದು, ಹಾಗಾಗಿ ಒಳ್ಳೆಯ ಅಲ್ಯುಮಿನಿಯಂ ರೇಡಿಯೇಟರ್ ತಂಪು ಮಾಡುವುದರಲ್ಲಿ ಏನೂ ಕಡಿಮೆ ಇಲ್ಲ. ವ್ಯತ್ಯಾಸ ಗೊತ್ತಾಗುವುದು ಅದು ತೂತು ಬಿದ್ದಾಗ. ತಾಮ್ರದ್ದಕ್ಕೆ ಶಿರಸಿಯಲ್ಲೋ ಕುಮಟಾದಲ್ಲೋ ಬೆಸುಗೆ ಗೊತ್ತಿರುವವರು ಯಾರಾದರೂ ಸಿಗುತ್ತಾರೆ. ಒಂದು ಕೊಳವೆ ಸೋರಿದರೆ ಅದೊಂದನ್ನೇ ಎರಡೂ ತುದಿಯಲ್ಲಿ ಮುಚ್ಚಿ ಸಂಜೆಯೊಳಗೆ ಗಾಡಿ ಕೊಡುತ್ತಾರೆ. ಅಲ್ಯುಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಬೇಕು, ಅದರಲ್ಲಿ ಕೈ ಪಳಗಿದವರೇ ಬೇಕು. ಅಲ್ಯುಮಿನಿಯಂ ಕೋರಿಗೆ ಪ್ಲಾಸ್ಟಿಕ್ ಟ್ಯಾಂಕ್ ಒತ್ತಿ ಕೂರಿಸಿದ ಬಗೆಯಂತೂ ಕಾರಿಗೆ ಸರಿ. ಚಾಸಿಸ್ ತಿರುಚಿಕೊಳ್ಳುವ ಕಾಡುದಾರಿಯಲ್ಲಿ ಆ ಜೋಡಣೆಯ ಹತ್ತಿರವೇ ಸೋರಲು ಶುರುವಾಗುತ್ತದೆ.

ಹಾಗಾಗಿ ತೋಟ, ಬೆಟ್ಟ, ಹಳ್ಳ ಅಂತ ದುಡಿಯುವ ಜೀಪಿಗೆ ನನ್ನ ಆಯ್ಕೆ ತಾಮ್ರ-ಹಿತ್ತಾಳೆ, ಮೂರು ಸಾಲು. ನಿಮ್ಮ ಹಳೆ ರೇಡಿಯೇಟರಿನ ಮೇಲಿನ ಕೆಳಗಿನ ಹಿತ್ತಾಳೆ ಟ್ಯಾಂಕ್ ಗಟ್ಟಿ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಅದಕ್ಕೇ ಹೊಸ ಕೋರ್ ಕೂರಿಸಿಕೊಳ್ಳಿ. ಬೋಲ್ಟ್ ತೂತು, ಪೈಪಿನ ಜಾಗ ಎಲ್ಲಾ ಮೊದಲಿದ್ದ ಹಾಗೇ ಕೂರುತ್ತದೆ, ಹೊಸದು ತಂದು ಕಟ್ ಮಾಡಿ ಬ್ರಾಕೆಟ್ ಹಾಕಿಸುವ ತಲೆನೋವು ಇಲ್ಲ.

ಕೋರ್ ಆರ್ಡರ್ ಕೊಡುವಾಗ ಫಿನ್ ಎಷ್ಟು ಒತ್ತಾಗಿದೆ ಅಂತ ಕೇಳಲೇಬೇಕು. ಸ್ಕೇಲ್ ಇಟ್ಟು ಎಣಿಸಿ. ಇಂಚಿಗೆ 10ರಿಂದ 12 ಇದ್ದರೆ ರಾಡಿ ತೊಳೆದರೆ ಹೋಗುತ್ತದೆ. ಅದಕ್ಕಿಂತ ತುಂಬಾ ಒತ್ತಾಗಿರುವುದು ಡಾಂಬರು ರಸ್ತೆಗೆ ಚೆನ್ನಾಗಿರಬಹುದು, ನಮ್ಮ ಮಳೆಗಾಲಕ್ಕಲ್ಲ. ಸಾಲುಗಳ ಲೆಕ್ಕವೂ ಹಾಗೇ. ನಾಲ್ಕನೇ ಸಾಲಿಗೆ ತಲುಪುವ ಗಾಳಿ ಮುಂದಿನ ಮೂರು ಸಾಲು ದಾಟಿ ಆಗಲೇ ಬಿಸಿಯಾಗಿರುತ್ತದೆ, ಗಾಳಿ ನುಗ್ಗುವುದೂ ಕಷ್ಟ. ಒಂದನೇ ಎರಡನೇ ಗೇರಿನಲ್ಲಿ ಘಟ್ಟ ಹತ್ತುವಾಗ ಮುಂದಿನಿಂದ ಬರುವ ಗಾಳಿ ಕಡಿಮೆ, ಎಲ್ಲಾ ಫ್ಯಾನೇ ಎಳೆಯಬೇಕು ಅಲ್ವಾ. ಜಾಗ ಇದ್ದರೆ ದಪ್ಪಕ್ಕಿಂತ ಅಗಲ, ಎತ್ತರ ಹೆಚ್ಚಿಸುವುದು ಒಳ್ಳೆಯದು.

ಅಳತೆ ತೆಗೆಯುವಾಗ ಗಾಡಿಯ ಹೆಸರು ಹೇಳಿ ಸುಮ್ಮನಾಗಬೇಡಿ. ಎಂಎಂ 540ಕ್ಕೆ ಮೊದಲು ಬರುತ್ತಿದ್ದದ್ದು 2112 ಸಿಸಿಯ ಪೂಜೋ ಡೀಸೆಲ್ ಎಂಜಿನ್. ಈಗ ಅದೆಷ್ಟೋ ಜೀಪುಗಳಲ್ಲಿ ಅದನ್ನು ತೆಗೆದು ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಕೂರಿಸಿದ್ದಾರೆ. ಒಳಗಿರುವ ಎಂಜಿನ್ ಯಾವುದು, ಅದರ ಪೈಪು ಯಾವ ಕಡೆ ಬರುತ್ತದೆ, ಪೈಪಿನ ಅಳತೆ ಎಷ್ಟು ಅಂತ ಬರೆದುಕೊಂಡು ಹೋಗಿ. ಕೋರಿನ ಉದ್ದ, ಅಗಲ, ದಪ್ಪ, ಬೋಲ್ಟ್ ತೂತುಗಳ ಅಂತರ, ಇಷ್ಟೂ ಟೇಪ್ ಹಿಡಿದೇ ಅಳೆಯಿರಿ. ಸಾಧ್ಯವಾದರೆ ಹಳೆಯದನ್ನೇ ಹುಬ್ಬಳ್ಳಿಗೆ ತಗೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಫ್ಯಾನಿಗೂ ಕೋರಿಗೂ ನಡುವೆ ಒಂದು ಇಂಚಾದರೂ ಬಿಡಿ, ಗುಂಡಿಗೆ ಬಿದ್ದಾಗ ಎಂಜಿನ್ ಮೌಂಟಿನ ಮೇಲೆ ಅಲ್ಲಾಡುತ್ತದೆ. ಫ್ಯಾನಿನ ಸುತ್ತ ಇರುವ ಶ್ರೌಡ್ (ಗಾಳಿಯನ್ನು ಇಡೀ ಕೋರಿನಿಂದ ಎಳೆಸುವ ಕವಚ) ಕಿತ್ತು ಬಿಸಾಡಿದ ಜೀಪುಗಳನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಕಿಸಿಕೊಳ್ಳಿ. ಅದಿಲ್ಲದಿದ್ದರೆ ಫ್ಯಾನ್ ಎದುರಿನ ದುಂಡು ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ನಾಲ್ಕು ಮೂಲೆ ದಂಡ.

ಕ್ಯಾಪ್ ಸಣ್ಣ ವಸ್ತು ಅಂತ ಬಿಡಬೇಡಿ. ಬರೀ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ, ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 98ಕ್ಕೇ. 7 ಪಿಎಸ್‌ಐ (ಒತ್ತಡದ ಅಳತೆ) ಕ್ಯಾಪ್ ಒತ್ತಡ ಹಿಡಿದರೆ ನೀರು ಕುದಿಯುವ ಮಟ್ಟ 110 ದಾಟುತ್ತದೆ, 13ರದ್ದಾದರೆ 120ರ ಹತ್ತಿರ. ಹಾಗಂತ ಹಳೆ ಬೆಸುಗೆಯ ಟ್ಯಾಂಕಿಗೆ ಜೋರಿನ ಕ್ಯಾಪ್ ಹಾಕಿದರೆ ಸಂದು ಬಿಡುತ್ತದೆ. ಕಂಪನಿ ಹೇಳಿದ ಒತ್ತಡದ್ದೇ ಹಾಕಿ. ಕ್ಯಾಪ್ ಕುತ್ತಿಗೆಯ ಆಳಕ್ಕೆ ಸರಿಯಾಗಿ ಕೂರುತ್ತದಾ ಅಂತ ನೋಡಿ, ಕೂರದಿದ್ದರೆ ಒತ್ತಡವೇ ನಿಲ್ಲುವುದಿಲ್ಲ.

ಕೂರಿಸುವಾಗ ಕೆಳಗೆ ರಬ್ಬರ್ ಬುಷ್ ಬೇಕೇ ಬೇಕು. ಕರಾವಳಿಯ ಬಾವಿ ನೀರಲ್ಲಿ ಉಪ್ಪು ಇರುತ್ತದೆ, ತುಂಬಬೇಡಿ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಅರ್ಧಕ್ಕರ್ಧ ಬೆರೆಸಿ. ತಾಮ್ರ-ಹಿತ್ತಾಳೆಗೂ ಆಗುತ್ತದೆ ಅಂತ ಡಬ್ಬಿಯ ಮೇಲೆ ಇರುವುದನ್ನೇ ತನ್ನಿ. ದಾರಿಯಲ್ಲಿ ಕೈಕೊಟ್ಟಾಗ ಹಳ್ಳದ ನೀರು ಹಾಕಿದ್ದರೆ ಮನೆಗೆ ಬಂದ ಮೇಲೆ ಪೂರ್ತಿ ಬಸಿದುಬಿಡಿ.

ಹಳ್ಳ ದಾಟುವವರಿಗೆ ಒಂದು ಮಾತು. ಬಂಪರಿನ ಮೇಲೆ ನೀರು ಬರುವಂತಿದ್ದರೆ ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟ್ ಸಡಿಲ ಮಾಡಿಕೊಂಡು ದಾಟಿ, ಆಚೆ ದಡದಲ್ಲಿ ಮತ್ತೆ ಬಿಗಿ ಮಾಡಿ. ತಿರುಗುವ ಫ್ಯಾನ್ ನೀರಿಗೆ ಸಿಕ್ಕರೆ ಅದರ ಎಲೆಗಳು ಮುಂದಕ್ಕೆ ಬಾಗಿ ಹೊಸ ಕೋರನ್ನೇ ಕೊರೆದುಬಿಡುತ್ತವೆ.

ಎಲ್ಲಾ ಮುಗಿದ ಮೇಲೆ ಮೊದಲ ದಿನವೇ ಲೋಡು ಹಾಕಬೇಡಿ. ಖಾಲಿ ಗಾಡಿಯಲ್ಲಿ ದೇವಿಮನೆಯನ್ನೋ ಅರಬೈಲನ್ನೋ ಒಮ್ಮೆ ಹತ್ತಿ, ಟೆಂಪರೇಚರ್ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಮನೆಗೆ ಬಂದು ಪೂರ್ತಿ ತಣ್ಣಗಾದ ಮೇಲೆ ಹೋಸ್ ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಕೂಲಂಟ್ ಇಳಿದಿದ್ದರೆ ತುಂಬಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಂಜಿನ್ ಕಡೆಯಿಂದ ಹೊರಗಡೆಗೆ, ಮನೆಯ ಪೈಪಿನ ನೀರಿನಲ್ಲೇ ಕೋರ್ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹತ್ತಿರದಿಂದ ಬಿಟ್ಟರೆ ಫಿನ್ ಮಡಚಿ ಕೂರುತ್ತದೆ.