ನೋಟು ಮುಟ್ಟದೆ ತಿಂಗಳು ಕಳೆಯಬೇಕೆ? ಮೊದಲು ‘ಪೆಂಡಿಂಗ್’ ಅಂದರೇನು ತಿಳಿದುಕೊಳ್ಳಿ

ನಮ್ಮ ಸೋದರಮಾವ ಪೆಟ್ರೋಲ್ ಬಂಕಿನಲ್ಲಿ ಅದೇ 500 ರೂಪಾಯಿಯನ್ನು ಮೂರು ಸಲ ಕಳಿಸಿದರು. ನಾನು ಸ್ಕೂಟರಿನ ಹಿಂದೆ ಕೂತಿದ್ದೆ. ಮೊದಲ ಸಲ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಹಿಂದಿನ ಬೈಕಿನವನು ಹಾರ್ನ್ ಹೊಡೆದ, ಮಾವ ಮತ್ತೆ ಸ್ಕ್ಯಾನ್ ಮಾಡಿದರು. ಅದೂ ಸುತ್ತಿತು. ‘ಸ್ವಲ್ಪ ತಡೀರಿ ಮಾವ’ ಅಂದೆ. ‘ನೀ ಸುಮ್ನಿರು, ಜನ ಕಾಯ್ತಿದಾರೆ’ ಅಂತ ಮೂರನೆಯ ಸಲ ಒತ್ತಿಯೇಬಿಟ್ಟರು. ಆಗ ಬಂಕಿನ ಡಬ್ಬಿ ದುಡ್ಡು ಬಂತೆಂದು ಕೂಗಿತು. ಮನೆಗೆ ಬಂದು ನೋಡಿದರೆ ಖಾತೆಯಲ್ಲಿ 1,500 ಖಾಲಿ. ಒಂದು 500 ನಾಲ್ಕು ದಿನದ ಮೇಲೆ ತಾನಾಗಿ ವಾಪಸ್ ಬಂತು. ಇನ್ನೊಂದು ಬಂಕಿಗೇ ಸೇರಿಬಿಟ್ಟಿತ್ತು. ಅದನ್ನು ಬಿಡಿಸಿಕೊಳ್ಳಲು ಎರಡು ಸಲ ಓಡಾಡಬೇಕಾಯಿತು, ಆ ಓಡಾಟದ ಪೆಟ್ರೋಲು ಬೇರೆ.

ಯುಪಿಐ ಬಂದದ್ದು 2016ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷವಾದರೂ ಎಲ್ಲರೂ ಹೇಳಿಕೊಡುವುದು ಆ್ಯಪ್ ಹಾಕಿಕೊಳ್ಳುವುದನ್ನು ಮಾತ್ರ. ಚಕ್ರ ಸುತ್ತುವಾಗ ಕೈ ಎಲ್ಲಿಡಬೇಕು ಅಂತ ಯಾರೂ ಹೇಳುವುದಿಲ್ಲ. ಈ ಲೇಖನದ ದೊಡ್ಡ ಪಾಲು ಅದಕ್ಕೇ ಮೀಸಲು.

1. ಬೇರೆ ಖಾತೆ ತೆರೆಯಿರಿ

ಸಂಬಳ ಬೀಳುವ ಖಾತೆಯನ್ನು ಯುಪಿಐಗೆ ಜೋಡಿಸಲೇಬೇಡಿ. ಇದು ನನ್ನ ಹಟ ಅಂದುಕೊಂಡರೂ ಪರವಾಗಿಲ್ಲ. ಇನ್ನೊಂದು ಬ್ಯಾಂಕಿನಲ್ಲಿ ಸಾದಾ ಉಳಿತಾಯ ಖಾತೆ ತೆರೆದು, ತಿಂಗಳ ಮೊದಲಲ್ಲಿ ಮನೆಖರ್ಚಿನಷ್ಟೇ ಅದಕ್ಕೆ ಹಾಕಿ, ಅದನ್ನು ಮಾತ್ರ ಫೋನಿಗೆ ಕೊಡಿ. ಕೈತಪ್ಪಿದರೂ ಹೋಗುವುದು ಆ ತಿಂಗಳ ದಿನಸಿ ದುಡ್ಡು, ಮಗಳ ಕಾಲೇಜು ಫೀಸಲ್ಲ. ತಿಂಗಳ ಕೊನೆಗೆ ಎಷ್ಟು ಖರ್ಚಾಯಿತೆಂದು ಪ್ರತ್ಯೇಕ ಲೆಕ್ಕ ಬರೆಯುವ ಕೆಲಸವೂ ತಪ್ಪುತ್ತದೆ.

2. ಆ್ಯಪ್, ಸಿಮ್, ಪಿನ್

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ಆ್ಯಪ್ ತಾನೇ ಆ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ಎರಡು ಸಿಮ್ ಇರುವವರು ಇಲ್ಲೇ ಎಡವುತ್ತಾರೆ: ಆರಿಸಬೇಕಾದ ಸಿಮ್ ಬಿಟ್ಟು ಇನ್ನೊಂದನ್ನು ಆರಿಸಿ ‘ಬ್ಯಾಂಕಿನವರದ್ದೇ ತಪ್ಪು’ ಅಂತ ಬೈಯುತ್ತಾರೆ. ಎಸ್‌ಎಂಎಸ್‌ಗೆ ಕರೆನ್ಸಿ ಇಲ್ಲದಿದ್ದರೂ ಇದೇ ಕಥೆ. ಇದಾದ ಮೇಲೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಹಾಕಿಯೋ, ಆಧಾರ್ ಒಟಿಪಿ ಕೊಟ್ಟೋ ಪಿನ್ ಮಾಡಿಕೊಳ್ಳಿ. ಹುಟ್ಟಿದ ಇಸವಿ ಬೇಡ. ಅದು ಊರಿಗೆಲ್ಲ ಗೊತ್ತಿರುತ್ತದೆ.

ಹೊಸದಾಗಿ ಹಾಕಿಕೊಂಡ ಮೊದಲ ದಿನ 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ, ಆಮೇಲೆ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದವರೆಗೆ. ಮನೆ ಅಡ್ವಾನ್ಸ್ ಕೊಡುವ ದಿನವೇ ಹೊಸ ಫೋನಿಗೆ ಆ್ಯಪ್ ಹಾಕಿ ಮಾಲೀಕರ ಎದುರು ಬೆವರಿದವರನ್ನು ನೋಡಿದ್ದೇನೆ.

ಯಾವ ಆ್ಯಪ್ ಅಂತ ಕೇಳಿದರೆ ನನ್ನ ಓಟು ಭೀಮ್‌ಗೆ. ಯುಪಿಐ ನಡೆಸುವ ಎನ್‌ಪಿಸಿಐ ಕಡೆಯಿಂದಲೇ 2016ರ ಡಿಸೆಂಬರ್ 30ರಂದು ಬಂದದ್ದು. ನೋಡಲು ಸಪ್ಪೆ, ಆ ಸಪ್ಪೆಯೇ ನನಗೆ ಬೇಕಾದದ್ದು. ಕೆಲವು ಆ್ಯಪ್‌ಗಳಲ್ಲಿ ದುಡ್ಡು ಕಳಿಸುವ ಗುಂಡಿ ಹುಡುಕುವಷ್ಟರಲ್ಲಿ ಸಾಲ, ಚಿನ್ನ, ವಿಮೆ, ಉಜ್ಜುವ ಕೂಪನ್ನು ಎಲ್ಲ ದಾಟಿಕೊಂಡು ಬರಬೇಕು. ಕ್ಯಾಶ್‌ಬ್ಯಾಕ್ ಆಸೆಗೆ ಆ್ಯಪ್ ಆರಿಸಬೇಡಿ. ಉಜ್ಜಿದಾಗ ಬರುವುದು ಬಹುತೇಕ ಯಾವುದೋ ಇಯರ್‌ಫೋನ್ ಕಂಪನಿಯ ರಿಯಾಯಿತಿ. ಆ್ಯಪ್ ಯಾವುದೇ ಇರಲಿ, ಯಾರೋ ಕಳಿಸಿದ ಲಿಂಕಿನಿಂದ ಇಳಿಸಬೇಡಿ, ಪ್ಲೇ ಸ್ಟೋರಿಗೇ ಹೋಗಿ.

3. ಸಣ್ಣ ಖರ್ಚಿಗೆ ಲೈಟ್

ಆ್ಯಪ್‌ನಲ್ಲೇ ‘ಯುಪಿಐ ಲೈಟ್’ ಅಂತ ಇರುತ್ತದೆ. ಖಾತೆಯಿಂದ 5,000 ರೂಪಾಯಿವರೆಗೆ ಅದಕ್ಕೆ ತುಂಬಿಕೊಂಡರೆ, ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದು. ಕಾಫಿ, ಸೊಪ್ಪು, ಆಟೊ, ಎಲ್ಲಕ್ಕೂ ಸಾಕು. ಪ್ರತಿ ಹತ್ತು ರೂಪಾಯಿಯೂ ಪಾಸ್‌ಬುಕ್ಕಿನಲ್ಲಿ ಸಾಲು ತಿನ್ನುವುದಿಲ್ಲ. ಕೊಡುವ ಹೊತ್ತಿಗೆ ನಿಮ್ಮ ಬ್ಯಾಂಕಿನ ಸರ್ವರನ್ನು ಮುಟ್ಟಬೇಕಾಗಿಲ್ಲ, ಹಾಗಾಗಿ ಸರ್ವರ್ ಮಲಗಿದ್ದರೂ ಇದು ನಡೆದೀತು. ತಾನೇ ತುಂಬಿಕೊಳ್ಳುವ ಆಟೊ ಟಾಪ್‌ಅಪ್ ಮಾತ್ರ ಆಫ್ ಮಾಡಿಡಿ. ಫೋನ್ ಬದಲಾಯಿಸುವ ಮುನ್ನ ಲೈಟ್‌ನಲ್ಲಿ ಉಳಿದದ್ದನ್ನು ಖಾತೆಗೆ ವಾಪಸ್ ಹಾಕಿಕೊಳ್ಳುವುದನ್ನು ಮರೆಯಬೇಡಿ.

4. ಕೊಡುವುದು, ಮತ್ತು ಚಕ್ರ ಸುತ್ತಿದಾಗ

ಸ್ಕ್ಯಾನ್ ಮಾಡಿದ ಕೂಡಲೇ ಮೊತ್ತ ಒತ್ತುವ ಅವಸರ ಬೇಡ. ಮೇಲೆ ಬಂದ ಹೆಸರು ಓದಿ. 2025ರ ಜೂನ್ ಕೊನೆಯಿಂದ ಬ್ಯಾಂಕಿನಲ್ಲಿರುವ ಅಸಲಿ ಹೆಸರನ್ನೇ ಆ್ಯಪ್ ತೋರಿಸಬೇಕೆಂಬ ನಿಯಮ ಬಂದಿದೆ. ಬೋರ್ಡಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು ಇದ್ದರೆ ಬಾಯಿಬಿಟ್ಟು ಕೇಳಿ: ‘ಇದು ನಿಮ್ಮದೇನಾ?’ ಹೆಚ್ಚಿನ ಸಲ ಮಾಲೀಕರ ಹೆಂಡತಿಯದ್ದೋ ಮಗನದ್ದೋ ಆಗಿರುತ್ತದೆ. ಅಂಗಡಿಯ ಕ್ಯುಆರ್ ಮೇಲೆ ರಾತ್ರೋರಾತ್ರಿ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವ ಕಳ್ಳರೂ ಇದ್ದಾರೆ. ನೀವು ಕೇಳಿದ್ದರಿಂದ ಅಂಗಡಿಯವರಿಗೇ ಉಪಕಾರವಾದೀತು.

ಈಗ ಪಿನ್ ಒತ್ತಿದಿರಿ. ಒಳಗೆ ನಡೆಯುವುದಿಷ್ಟು. ನಿಮ್ಮ ಆ್ಯಪ್ ಎನ್‌ಪಿಸಿಐಗೆ ಹೇಳುತ್ತದೆ, ಎನ್‌ಪಿಸಿಐ ನಿಮ್ಮ ಬ್ಯಾಂಕಿಗೆ ‘ಇಷ್ಟು ತೆಗಿ’ ಅನ್ನುತ್ತದೆ. ಬ್ಯಾಂಕು ತೆಗೆದು ‘ಆಯ್ತು’ ಅಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ‘ಇಷ್ಟು ಹಾಕು’ ಎಂದು ಹೋಗುತ್ತದೆ. ಅಲ್ಲಿಂದಲೂ ‘ಆಯ್ತು’ ಅಂತ ವಾಪಸ್ ಬರಬೇಕು. ಈ ನಾಲ್ಕು ಕೈಗಳಲ್ಲಿ ಒಂದು ತಡವರಿಸಿದರೂ ನಿಮ್ಮ ಪರದೆಯಲ್ಲಿ ಚಕ್ರ. ಮೊದಲು ತೆಗೆಯುವುದು, ಆಮೇಲೆ ಹಾಕುವುದು. ಹೀಗಾಗಿಯೇ ನಿಮ್ಮಲ್ಲಿ ಕಡಿತವಾಗಿ ಅವರಿಗೆ ಬಾರದ ಸ್ಥಿತಿ ಹುಟ್ಟುತ್ತದೆ. ದುಡ್ಡು ನಾಪತ್ತೆಯಾಗಿಲ್ಲ, ದಾರಿಯಲ್ಲಿದೆ. ಅದು ಮುಂದೆ ಹೋಗಲೂಬಹುದು, ಹಿಂದೆ ಬರಲೂಬಹುದು. ‘ಪೆಂಡಿಂಗ್’ ಅಂದರೆ ಇಷ್ಟೇ. ‘ಫೇಲ್’ ಆಯಿತೆಂದು ಅದು ಹೇಳುತ್ತಿಲ್ಲ. ಮಾವ ತಪ್ಪಿದ್ದು ಇಲ್ಲೇ.

ಆದ್ದರಿಂದ ಒಂದೂವರೆ ನಿಮಿಷ ಏನೂ ಒತ್ತಬೇಡಿ. ಲೆಕ್ಕ ನನ್ನದಲ್ಲ: 2025ರ ಆಗಸ್ಟ್‌ನಿಂದ ಪೆಂಡಿಂಗ್ ಆದದ್ದರ ಗತಿ ಏನಾಯಿತೆಂದು ವಿಚಾರಿಸುವುದಕ್ಕೆ ಮಿತಿ ಹಾಕಿದ್ದಾರೆ, ಒಟ್ಟು ಮೂರು ಸಲ, ಒಂದೊಂದರ ನಡುವೆ 90 ಸೆಕೆಂಡು ಬಿಡಬೇಕು. ನೀವು ಹತ್ತು ಸಲ ಕುಕ್ಕಿದರೂ ಹೊಸ ಉತ್ತರ ಬರುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಗಾಡಿ ಪಕ್ಕಕ್ಕೆ ಹಾಕಿ.

ಆ ಒಂದೂವರೆ ನಿಮಿಷದಲ್ಲಿ ಅಂಗಡಿಯವರಿಗೆ ಅವರ ಫೋನಿನಲ್ಲಿ ನೋಡಲು ಹೇಳಿ. ಡಬ್ಬಿ ಕೂಗಲಿಲ್ಲ ಅಂದ ಮಾತ್ರಕ್ಕೆ ದುಡ್ಡು ಬಂದಿಲ್ಲವೆಂದಲ್ಲ. ಅದಕ್ಕೂ ನೆಟ್‌ವರ್ಕ್ ಬೇಕು, ಅದರ ಸಿಗ್ನಲ್ಲೂ ಹೋಗುತ್ತದೆ, ಚಾರ್ಜೂ ಮುಗಿಯುತ್ತದೆ. ನೀವು ಬ್ಯಾಂಕಿನ ಎಸ್‌ಎಂಎಸ್ ಕಾಯುತ್ತ ನಿಲ್ಲಬೇಡಿ, ಅದು ಊಟ ಮುಗಿದ ಮೇಲೂ ಬಂದೀತು. ಆ್ಯಪ್‌ನ ಹಿಸ್ಟರಿ ತೆರೆದು ನೋಡಿ. ಅಲ್ಲಿ ‘ಫೇಲ್’ ಎಂದಿದ್ದರೆ ನಿಶ್ಚಿಂತೆಯಿಂದ ಇನ್ನೊಮ್ಮೆ ಕೊಡಿ. ‘ಸಕ್ಸಸ್’ ಎಂದಿದ್ದರೆ ಅಂಗಡಿಯವರಿಗೆ 12 ಅಂಕಿಯ ಯುಟಿಆರ್ ನಂಬರ್ (ಆ ವ್ಯವಹಾರದ ಗುರುತಿನ ಸಂಖ್ಯೆ) ತೋರಿಸಿ, ಅವರ ಪಟ್ಟಿಯಲ್ಲೂ ಅದೇ ನಂಬರ್ ಸಿಗುತ್ತದೆ. ಬರೀ ಹಸಿರು ಟಿಕ್ ಮಾರ್ಕಿನ ಸ್ಕ್ರೀನ್‌ಶಾಟ್ ತೋರಿಸಿ ಜಗಳಕ್ಕೆ ನಿಲ್ಲಬೇಡಿ. ಸುಳ್ಳು ಟಿಕ್ ಮಾರ್ಕ್ ತೋರಿಸುವ ನಕಲಿ ಆ್ಯಪ್‌ಗಳಿಂದ ಅವರು ಮೋಸ ಹೋಗಿರಬಹುದು.

ಇನ್ನೂ ‘ಪೆಂಡಿಂಗ್’ ಎಂದೇ ಇದ್ದರೆ? ಆಗ ದಾರಿ ಬದಲಿಸಿ. ಅದೇ ಖಾತೆಯಿಂದ ಮತ್ತೆ ಕಳಿಸಬೇಡಿ. ಲೈಟ್‌ನಿಂದ ಕೊಡಿ, ಇಲ್ಲವೇ ಕಾರ್ಡ್ ಉಜ್ಜಿ. ಗುರುತಿನ ಅಂಗಡಿಯಾದರೆ ‘ಬರೆದಿಟ್ಟುಕೊಳ್ಳಿ, ನಾಳೆ ನೋಡೋಣ’ ಅನ್ನುವುದು ಎಲ್ಲಕ್ಕಿಂತ ಒಳ್ಳೆಯದು. ಯಾಕೆಂದರೆ ಮೊದಲನೆಯದೂ ಸೇರಿಬಿಟ್ಟರೆ ವಾಪಸ್ ಕೊಡುವುದು ಅವರ ಮರ್ಜಿ. ಬ್ಯಾಂಕಿನ ಪ್ರಕಾರ ಎರಡೂ ನೀವೇ ಪಿನ್ ಒತ್ತಿ ಕಳಿಸಿದವು.

ಮುಂದೆ ಹೋಗದೆ ನಿಂತ ದುಡ್ಡಿಗೆ ಗಡುವಿದೆ. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ವ್ಯಕ್ತಿಗೆ ಕಳಿಸಿದ್ದು ಸೇರದಿದ್ದರೆ ಮಾರನೆಯ ದಿನದೊಳಗೆ, ಅಂಗಡಿಗೆ ಕಳಿಸಿದ್ದಾದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಅದೂ ನೀವು ಕೇಳದೆಯೇ. ಅಂಗಡಿಗೆ ಕಳಿಸಿದ ನನ್ನ ದುಡ್ಡು ಒಮ್ಮೆ ಎಂಟು ದಿನ ಸಿಕ್ಕಿಹಾಕಿಕೊಂಡಿತ್ತು. ಅಸಲು ಬಂತು, ಪರಿಹಾರ ಬರಲಿಲ್ಲ. ಶಾಖೆಯಲ್ಲಿ ಕೇಳಿದರೆ ‘ಅಂಥದ್ದೇನಿಲ್ಲ ಸರ್’ ಅಂದರು. ಬರವಣಿಗೆಯಲ್ಲಿ ದೂರು ಕೊಟ್ಟೆ, ವಾರದೊಳಗೆ 300 ಜಮಾ ಆಯಿತು. ದೂರನ್ನು ಆ್ಯಪ್‌ನಲ್ಲಿ ಆ ವ್ಯವಹಾರದ ಮೇಲೆಯೇ ಒತ್ತಿ ದಾಖಲಿಸಿ, ಆಮೇಲೆ ಬ್ಯಾಂಕಿಗೆ ಬರೆಯಿರಿ. ಬ್ಯಾಂಕು 30 ದಿನ ಕಳೆದರೂ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಿದಿರೋ, ಐನೂರು ಹುಡುಕಲು ಹೋಗಿ ಐವತ್ತು ಸಾವಿರ ಕಳೆದುಕೊಳ್ಳುತ್ತೀರಿ.

ಇನ್ನೊಂದು ಮಾತು, ಗೋಡೆಗೆ ಅಂಟಿಸಿಕೊಳ್ಳುವಂಥದ್ದು: ದುಡ್ಡು ಬರುವುದಕ್ಕೆ ಪಿನ್ ಬೇಡ. ‘ಹಳೇ ಸೋಫಾ ಕೊಳ್ತೀನಿ, ಅಡ್ವಾನ್ಸ್ ಕಳಿಸಿದ್ದೀನಿ, ಪಿನ್ ಹಾಕಿ ತಗೊಳ್ಳಿ’ ಅಂದರೆ ಫೋನ್ ಇಟ್ಟುಬಿಡಿ. ಹೀಗೆ ಮೋಸ ಹೆಚ್ಚಾಗಿದ್ದರಿಂದಲೇ ಒಬ್ಬರಿಂದೊಬ್ಬರು ದುಡ್ಡು ‘ರಿಕ್ವೆಸ್ಟ್’ ಮಾಡುವ ಸೌಲಭ್ಯವನ್ನು 2025ರ ಅಕ್ಟೋಬರ್ ಆರಂಭದಲ್ಲಿ ನಿಲ್ಲಿಸಿದರು. ಆದರೂ ಕ್ಯುಆರ್ ಕಳಿಸಿ ‘ಸ್ಕ್ಯಾನ್ ಮಾಡಿ ತಗೊಳ್ಳಿ’ ಅನ್ನುವವರು ನಿಂತಿಲ್ಲ.

5. ಬಿಲ್ಲು, ಬಸ್ಸು, ಟೋಲು

ಕರೆಂಟು, ಫೋನು, ಗ್ಯಾಸು ಎಲ್ಲ ಆ್ಯಪ್‌ನಲ್ಲೇ. ಮೆಟ್ರೊಗೆ ವಾಟ್ಸ್‌ಆ್ಯಪ್ ಟಿಕೆಟ್ಟು. ಟೋಲಿಗೆ ಫಾಸ್ಟ್ಯಾಗ್, ಅದು ಕೆಲಸ ಮಾಡದ ದಿನ ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬರುವ ಮೊದಲೇ ಆ್ಯಪ್ ತೆರೆದಿಟ್ಟುಕೊಳ್ಳಿ.

ಆಟೊಪೇ ಬಗ್ಗೆ ಎಚ್ಚರ. 15,000 ರೂಪಾಯಿವರೆಗಿನ ತಿಂಗಳ ಕಂತುಗಳು ಒಮ್ಮೆ ಒಪ್ಪಿದ ಮೇಲೆ ಪಿನ್ ಕೇಳದೆಯೇ ಹೋಗುತ್ತವೆ. 24 ಗಂಟೆ ಮೊದಲು ಬರುವ ಸೂಚನೆಯನ್ನು ನಾವು ಓದುವುದಿಲ್ಲ. ‘ಒಂದು ರೂಪಾಯಿಗೆ ಒಂದು ವಾರ’ ಅಂತ ಹಾಕಿಕೊಂಡ ಸಿನಿಮಾ ಆ್ಯಪ್ ವರ್ಷವಿಡೀ ಕೀಳುತ್ತಿರುತ್ತದೆ. ತಿಂಗಳಿಗೊಮ್ಮೆ ಮ್ಯಾಂಡೇಟ್ (ನೀವು ಹೀಗೆ ಕೊಟ್ಟ ಒಪ್ಪಿಗೆಗಳ) ಪಟ್ಟಿ ತೆರೆದು ಬೇಡದ್ದನ್ನು ಕಿತ್ತುಹಾಕಿ.

6. ಕ್ಯುಆರ್ ಇಲ್ಲದ ಕಡೆ

ನೆಟ್ ಇಲ್ಲದಿದ್ದರೆ ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿ. ನಿಧಾನ, ಆದರೆ ನಡೆಯುತ್ತದೆ. ನೋಟು ಮುಟ್ಟುವುದೇ ಇಲ್ಲ ಎಂಬ ಮೊಂಡುತನ ನಡೆಯದ ಜಾಗಗಳೂ ಇವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸು ಕಳಿಸಿದಾಗ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡುಗಳು ಎದ್ದವಲ್ಲ, ಆಗ ನಾನು ಬೇಕರಿಯಲ್ಲಿ ಕಾಫಿ ಕುಡಿದು ಕೊಡಲು ದುಡ್ಡಿಲ್ಲದೆ ನಿಂತಿದ್ದೆ. ಅವರ ಹೆದರಿಕೆ ಅವರಿಗೆ. ಅವರ ಹತ್ತಿರ ಡಿಜಿಟಲ್ ಇಂಡಿಯಾ ಭಾಷಣ ಬಿಗಿಯಬೇಡಿ. ಮದುವೆ ಮನೆಯ ಮುಯ್ಯಿ ಕವರಿಗೂ ನೋಟೇ ಬೇಕು, ಅದರ ಮೇಲೊಂದು ರೂಪಾಯಿ ನಾಣ್ಯವೂ ಬೇಕು.

ಹಾಗಾಗಿ ಫೋನಿನ ಕವರ್ ಹಿಂದೆ ನೂರರ ಎರಡು ನೋಟು ಮಡಚಿಡಿ. ಐನೂರರದ್ದು ಬೇಡ, ಅದಕ್ಕೆ ಚಿಲ್ಲರೆ ಸಿಗುವುದಿಲ್ಲ.

7. ಫೋನ್ ಕಳೆದ ದಿನ

ಇದನ್ನು ಇವತ್ತೇ ಮಾಡಿ. ಒಂದು ಕಾಗದದಲ್ಲಿ ಬ್ಯಾಂಕಿನ ಸಹಾಯವಾಣಿ (ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವ ನಂಬರ್), ಸಿಮ್ ಕಂಪನಿಯ ನಂಬರ್, ಸೈಬರ್ ವಂಚನೆಗೆ 1930, ನಿಮ್ಮ ಫೋನಿನ ಐಎಂಇಐ (ಆ ಫೋನಿಗಷ್ಟೇ ಇರುವ ಗುರುತಿನ ಸಂಖ್ಯೆ) ಬರೆಯಿರಿ. ಫೋನ್ ಹೋದರೆ ಮೊದಲು ಸಿಮ್ ಬ್ಲಾಕ್, ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸುವುದು. ಖಾತೆಯಿಂದ ದುಡ್ಡು ಹೋಗಿದ್ದು ಕಂಡರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್, ಬೆಳಗಾಗಲಿ ಅಂತ ಕಾಯಬೇಡಿ. ಬೇಗ ಹೇಳಿದರೆ ಕಳ್ಳರ ಖಾತೆಯಲ್ಲೇ ದುಡ್ಡನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಕಾಗದವನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿ, ಇನ್ನೊಂದು ಪ್ರತಿ ಮನೆಯವರ ಪರ್ಸಿನಲ್ಲಿರಲಿ. ಪಿನ್ ಮಾತ್ರ ಅದರಲ್ಲಿ ಬರೆಯಬೇಡಿ. ನಮ್ಮ ಮಾವ ಬರೆದಿದ್ದರು, ‘ಪಿನ್’ ಅಂತ ತಲೆಬರಹ ಕೊಟ್ಟು, ಕೆಂಪು ಇಂಕಿನಲ್ಲಿ.