ಇವತ್ತು ಅರೆದದ್ದು ಇವತ್ತೇ ಮುಗಿಯಬೇಕು: ಜಾವಾದ ಅಜ್ಜಿ ಕಲಿಸಿದ ಜಾಮು

ಬೆಳಗಿನ ಜಾವ ಮೂರೂವರೆಗೇ ಕಲ್ಲಿನ ಸದ್ದು ಶುರುವಾಗುತ್ತಿತ್ತು. ಪಕ್ಕದ ಮನೆ ಅಜ್ಜಿ ಅರಿಶಿನ ಅರೆಯುತ್ತಿದ್ದರು.

ಯಜಮಾನರ ಕೆಲಸದ ದೆಸೆಯಿಂದ ನಾನು ಇಂಡೊನೇಷ್ಯಾದ ಜಾವಾ ದ್ವೀಪದ ಸೋಲೋದಲ್ಲಿ ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳು. ನಕ್ಷೆಯಲ್ಲಿ ಸುರಕರ್ತ ಅಂತ ಇರುತ್ತದೆ, ಊರಿನವರ ಬಾಯಲ್ಲಿ ಸೋಲೋ. ಅಜ್ಜಿಗೆ ಅಲ್ಲಿ ಮ್ಬಾಹ್ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರು ಹುಟ್ಟಿದ್ದು ಸೋಲೋಗೆ ಹೊಂದಿಕೊಂಡಿರುವ ಸುಕೊಹಾರ್ಜೊದಲ್ಲಿ. ಅಲ್ಲಿಂದ ಎಷ್ಟೋ ಹೆಣ್ಣುಮಕ್ಕಳು ಬಿದಿರು ಬುಟ್ಟಿಯಲ್ಲಿ ಬಾಟಲಿ ಜೋಡಿಸಿ, ಉದ್ದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು, ಊರೂರು ಸುತ್ತಿ ಜಾಮು ಅನ್ನುವ ಕಷಾಯ ಮಾರಿ ಮಕ್ಕಳನ್ನು ಓದಿಸಿದ್ದಾರೆ. ಹೀಗೆ ಹೊತ್ತು ಮಾರುವುದಕ್ಕೆ ಜಾಮು ಗೆಂಡೊಂಗ್ ಅಂತ ಹೆಸರು. ಮಂಡಿ ಸೋತ ಮೇಲೆ ಮ್ಬಾಹ್ ಮಾರುವುದು ಬಿಟ್ಟರು, ಅರೆಯುವುದು ಬಿಡಲಿಲ್ಲ. ಅವರ ಉಗುರಿನ ಅಂಚು ಯಾವಾಗಲೂ ಹಳದಿಯೇ.

ಜಾಮು ಅಂದರೆ ಅಲ್ಲಿನ ಮನೆಮದ್ದು, ಕಷಾಯ, ಲೇಪ, ಬಾಣಂತನ ಎಲ್ಲ ಸೇರಿ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಜಾಮುವನ್ನು ಸೇರಿಸಿದಾಗಿನಿಂದ ನನ್ನ ಸೊಸೆಯಂದಿರು, ಅವರ ಗೆಳತಿಯರು ಎಲ್ಲ ಕೇಳುತ್ತಿದ್ದಾರೆ, ಯಾವ ಬ್ರ್ಯಾಂಡ್ ತಗೊಳ್ಳಲಿ ಅಂತ. ಯಾವ ಬ್ರ್ಯಾಂಡೂ ಬೇಡ. ಮ್ಬಾಹ್ ನನಗೆ ಮೊದಲು ಹೇಳಿಕೊಟ್ಟದ್ದೇ ಇದು: ಇವತ್ತು ಅರೆದದ್ದು ಇವತ್ತೇ ಮುಗಿಯಬೇಕು. ಉಳಿದರೆ ಗಿಡದ ಬುಡಕ್ಕೆ. ಜಾಮು ಅಂದರೆ ತಾಜಾ ಗೆಡ್ಡೆ, ಒಂದು ಕಲ್ಲು, ಒಂದು ಮಣ್ಣಿನ ಮಡಕೆ, ಮತ್ತೆ ದಿನಾ ಒಂದು ಗಂಟೆ ಕೊಡುವ ಮನಸ್ಸು. ಡಬ್ಬಿಯಲ್ಲಿ ಒಂದು ವರ್ಷ ಕೂತ ಪುಡಿಯಲ್ಲಿ ಇದೆಲ್ಲ ಎಲ್ಲಿಂದ ಬರಬೇಕು?

ಶುರು ಮಾಡುವವರು ಕುನೀರ್ ಅಸೆಮ್‌ನಿಂದ ಶುರು ಮಾಡಿ. ಕುನೀರ್ ಅರಿಶಿನ, ಅಸೆಮ್ ಹುಣಸೆ. ಅಲ್ಲಿ ಹುಡುಗಿಯರು ಮೈನೆರೆದಾಗಿನಿಂದ ತಿಂಗಳು ತಿಂಗಳು ಕುಡಿಯುವುದು ಇದನ್ನೇ. ಹೊಟ್ಟೆನೋವು ಹಗುರಾಗುತ್ತದೆ, ಮುಖ ತಿಳಿಯಾಗುತ್ತದೆ ಅಂತ ಅವರ ನಂಬಿಕೆ. ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಆ ದಿನಗಳಲ್ಲಿ ಬಿಸಿಬಿಸಿ ಕುಡಿದರೆ ಹಿತವಾಗುತ್ತಿತ್ತು. ನಾಲ್ಕು ಜನರ ಅಳತೆ ಹೇಳುತ್ತೇನೆ. ಕಾಲು ಕೆಜಿ ಹಸಿ ಅರಿಶಿನದ ಕೊಂಬು, ನಿಂಬೆಗಾತ್ರದ ಹುಣಸೆ, 150 ಗ್ರಾಂ ಬೆಲ್ಲ, ಒಂದೂಕಾಲು ಲೀಟರ್ ನೀರು, ಚಿಟಿಕೆ ಉಪ್ಪು. ಕೊಂಬಿನ ಸಿಪ್ಪೆ ತೆಗೆಯಬೇಡಿ, ಮಣ್ಣು ಹೋಗುವ ಹಾಗೆ ನಾರಿನಿಂದ ಉಜ್ಜಿ ತೊಳೆದರೆ ಸಾಕು. ನುಣ್ಣಗೆ ಅರೆಯಿರಿ, ಮಿಕ್ಸಿ ಆದರೂ ನಡೆಯುತ್ತದೆ. ನೀರಿಗೆ ಬೆಲ್ಲ ಹಾಕಿ ಕರಗಿಸಿ, ಅರಿಶಿನ ಸೇರಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಹಸಿ ವಾಸನೆ ಹೋಗಿ ಮಣ್ಣಿಗೆ ಮೊದಲ ಮಳೆ ಬಿದ್ದಂಥ ಘಮ ಬಂದಾಗ ಒಲೆ ಆರಿಸಿ, ಆಮೇಲೆ ಹುಣಸೆ ಕಿವುಚಿದ ನೀರು ಹಾಕಿ. ಮಲ್ಲು ಬಟ್ಟೆಯಲ್ಲಿ ಸೋಸಿ ಹತ್ತು ನಿಮಿಷ ಅಲ್ಲಾಡಿಸದೆ ಬಿಡಿ. ತಳಕ್ಕೆ ಬಿಳಿ ಗಸಿ ಕೂರುತ್ತದೆ. ಮೇಲಿನ ತಿಳಿ ಮಾತ್ರ ಲೋಟಕ್ಕೆ ಬಗ್ಗಿಸಿ. ಗಸಿ ಹೊಟ್ಟೆಗೆ ಹೋದರೆ ಉಬ್ಬರ ಅಂತ ಮ್ಬಾಹ್ ಬಿಡುತ್ತಲೇ ಇರಲಿಲ್ಲ. ಬಟ್ಟೆಯಲ್ಲಿ ಉಳಿದ ಸಿಪ್ಪೆಯನ್ನು ಮೊಣಕೈಗೆ, ಹಿಮ್ಮಡಿಗೆ ತಿಕ್ಕಿಕೊಳ್ಳುತ್ತಿದ್ದರು. ಎಂಬತ್ತರ ಹತ್ತಿರದಲ್ಲೂ ಅವರ ಹಿಮ್ಮಡಿ ಒಡೆದದ್ದು ನಾನು ನೋಡಿಲ್ಲ.

ಬೆಲ್ಲ ಅಲ್ಲಿ ಗುಲಾ ಜಾವಾ, ತೆಂಗಿನ ನೀರಾ ಕಾಯಿಸಿ ಚಿಪ್ಪಿಗೆ ಹೊಯ್ದು ಮಾಡಿದ್ದು. ನಮ್ಮಲ್ಲಿ ಮಂಗಳೂರು ಕಡೆಯ ಓಲೆಬೆಲ್ಲ ಸಿಕ್ಕರೆ ರುಚಿ ಹತ್ತಿರ ಬರುತ್ತದೆ, ಸಿಗದಿದ್ದರೆ ಕಪ್ಪು ಬೆಲ್ಲ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಹುಣಸೆ ಹುಳಿಗೆ ಅದು ಆಗಿಬರುವುದಿಲ್ಲ. ಬೆಳಿಗ್ಗೆ ಮಾಡಿ ಬಾಟಲಿ ಮುಚ್ಚಿಟ್ಟರೆ ಸಂಜೆಗೆ ಗಾಳಿ ತುಂಬಿ ಮುಚ್ಚಳ ಉಬ್ಬುತ್ತದೆ, ನಾಲಗೆಗೆ ಚುರುಕ್ ಅನ್ನುತ್ತದೆ. ಹುಳಿ ಬಂತು ಅಂತಲೇ ಲೆಕ್ಕ, ಚೆಲ್ಲಿ. ಬಸುರಿಯರು ಇದನ್ನು ಕುಡಿಯಬಾರದು. ಪಿತ್ತಕೋಶದಲ್ಲಿ ಕಲ್ಲಿರುವವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಅಡುಗೆಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಇಷ್ಟೊಂದು ಅರಿಶಿನ ಬೇರೆ.

ಮಕ್ಕಳಿಗೆ ಬೆರಾಸ್ ಕೆಂಚುರ್. ಬೆರಾಸ್ ಅಕ್ಕಿ, ಕೆಂಚುರ್ ಒಂದು ಘಮದ ಗೆಡ್ಡೆ. ಊಟ ಸೇರದ ಮಗುವಿಗೆ ಅಲ್ಲಿ ಇದೇ ಮೊದಲ ಮದ್ದು, ರುಚಿಯೂ ಪಾಯಸದ ಹಾಗೆ. ನೂರು ಗ್ರಾಂ ಅಕ್ಕಿಯನ್ನು ಮೂರು ಗಂಟೆ ನೆನೆಸಿ ಬಸಿದು, ಬಾಣಲೆಯಲ್ಲಿ ಒಣಗುವಷ್ಟು ಹುರಿದು, ಅಷ್ಟೇ ತೂಕದ ಕೆಂಚುರ್, ಒಂದು ತುಂಡು ಶುಂಠಿ ಸೇರಿಸಿ ಅರೆಯುವುದು. ಬೆಲ್ಲ, ಚೂರು ಹುಣಸೆ, ಪಾಂಡಾನ್ ಅನ್ನುವ ಘಮದ ಒಂದು ಎಲೆ ಹಾಕಿದ ನೀರು ಕುದಿಸಿ, ಕುದಿಯುವ ನೀರನ್ನೇ ಅರೆದ ಮುದ್ದೆಯ ಮೇಲೆ ಸುರಿದು, ಕೈಗೆ ತಾಳುವಷ್ಟು ಆರಲು ಬಿಟ್ಟು ಹಿಂಡಿ ಸೋಸುವುದು. ಅಕ್ಕಿ ಹಿಟ್ಟು ಇರುವುದರಿಂದ ಇದು ಇನ್ನೂ ಬೇಗ ಕೆಡುತ್ತದೆ. ಮಧ್ಯಾಹ್ನದೊಳಗೆ ಖಾಲಿ ಮಾಡಿ.

ಕೆಂಚುರ್ ಯಾವುದು ಅಂತ ಎಲ್ಲರೂ ಎಡವುವುದು ಇಲ್ಲೇ. ಅದು ಶುಂಠಿಯೂ ಅಲ್ಲ, ದುಂಪರಾಸ್ಮೆಯೂ ಅಲ್ಲ. ನಮ್ಮ ಗ್ರಂಥಿಗೆ ಅಂಗಡಿಯವರು ಕಚೋರ, ಗಂಧಕಚೋರ ಅಂತ ಕೊಡುತ್ತಾರಲ್ಲ, ಅದು. ಆದರೆ ಕಚೋರ ಅಂತ ಎರಡು ಮೂರು ಗೆಡ್ಡೆಗಳನ್ನು ಮಾರುತ್ತಾರೆ. ಮುರಿದು ಮೂಸಿ. ಒಳಗೆ ಬೆಳ್ಳಗೆ, ಅಂಚು ಕೆಂಗಂದು, ಕರ್ಪೂರದ ಹಾಗೆ ಮೂಗಿಗೆ ತಂಪಾಗಿ ಹತ್ತಬೇಕು. ಹಳದಿ ಕಂಡರೆ ವಾಪಸ್ ಕೊಡಿ.

ಹೊತ್ತು ಮಾರುವವರ ಬುಟ್ಟಿಯಲ್ಲಿ ಎಂಟು ಬಗೆ ಇರಬೇಕು ಅನ್ನುವುದು ಹಳೇ ಪದ್ಧತಿ. ಹಿಪ್ಪಲಿ ಜಾತಿಯ ಚಾಬೆ ಜಾವಾ ಹಾಕಿದ್ದು ಮೈಕೈ ನೋವಿಗೆ. ಪಾಹಿತಾನ್ ಅಂತ ಒಂದಿದೆ, ಹೆಸರೇ ಕಹಿ ಅಂತ. ನಮ್ಮ ನೆಲಬೇವು, ನಮ್ಮ ಅಮೃತಬಳ್ಳಿಯ ದಾಯಾದಿ ಒಂದು ಬಳ್ಳಿ, ಎರಡೂ ಕುದಿಸಿದ ಕಷಾಯ. ಒಂದು ಗುಟುಕು ಅದು, ಹಿಂದೆಯೇ ಒಂದು ಗುಟುಕು ಬೆರಾಸ್ ಕೆಂಚುರ್. ಮಾರುವವರೇ ಎರಡನೇ ಲೋಟ ತುಂಬಿ ಹಿಡಿದುಕೊಂಡು ನಿಂತಿರುತ್ತಾರೆ.

ಪುಡಿಯ ವಿಷಯ ಹೇಳಲೇಬೇಕು. ಒಮ್ಮೆ ಯಜಮಾನರಿಗೆ ಮಂಡಿ ನೋವು ಬಂತು. ಯಾರೋ ಹೇಳಿದರು ಅಂತ ಒಂದು ಅಂಗಡಿಯಿಂದ ಜಾಮು ಪುಡಿ ತಂದು ಬಿಸಿನೀರಿನಲ್ಲಿ ಕಲಸಿ ಕುಡಿದರು. ಮೂರೇ ದಿನಕ್ಕೆ ನೋವು ಮಾಯ. ನಾವು ಹಿಗ್ಗಿದೆವು, ಮ್ಬಾಹ್ ಹಿಗ್ಗಲಿಲ್ಲ. ಬೇರು ನಾರು ಇಷ್ಟು ಬೇಗ ಕೆಲಸ ಮಾಡುವುದಿಲ್ಲ, ಬಿಡಿಸು ಅಂದರು. ನಾನು ಕೇಳಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಇವರ ಮುಖ ಊದಿಕೊಂಡಿತು, ಹೊಟ್ಟೆ ಉರಿ, ಮಲ ಟಾರಿನ ಹಾಗೆ ಕಪ್ಪು. ಆಸ್ಪತ್ರೆಯಲ್ಲಿ ಡಾಕ್ಟರು ಪೊಟ್ಟಣ ನೋಡಿ, ಇದರಲ್ಲಿ ನೋವಿನ ಮಾತ್ರೆ, ಸ್ಟೀರಾಯ್ಡ್ ಬೆರೆಸಿರುತ್ತಾರೆ, ಇಂಥ ಕೇಸು ದಿನಾ ನೋಡುತ್ತೇವೆ ಅಂದರು. ಸರಿಹೋಗಲು ನಾಲ್ಕು ತಿಂಗಳು ಹಿಡಿಯಿತು. ಇಂಡೊನೇಷ್ಯಾದ ಔಷಧ ಇಲಾಖೆ ಇಂಥ ಕಲಬೆರಕೆ ಜಾಮುಗಳ ಹೆಸರನ್ನು ಮತ್ತೆ ಮತ್ತೆ ಪ್ರಕಟಿಸಿ ಎಚ್ಚರಿಸುತ್ತದೆ, ಆದರೂ ಮಾರುವವರು ಮಾರುತ್ತಾರೆ. ನಮ್ಮಲ್ಲಿ ಊರಿಂದೂರಿಗೆ ಬರುವ ಮಂಡಿನೋವಿನ ಪುಡಿಗಳಲ್ಲೂ ಎಷ್ಟೋ ಇದೇ ಜಾತಿ. ಮೂರು ದಿನದಲ್ಲಿ ಪವಾಡ ಮಾಡುವ ಪುಡಿಯನ್ನು ದಯವಿಟ್ಟು ಮನೆಗೆ ತರಬೇಡಿ.

ಇನ್ನು ಮೈಗೆ ಹಚ್ಚುವ ಲುಲುರ್. ಅರಮನೆಯ ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆ ನಲವತ್ತು ದಿನ ಹಚ್ಚುತ್ತಿದ್ದರಂತೆ, ನಮ್ಮ ಗಲ್ಲಿಯಲ್ಲಿ ಏಳು ದಿನ ಹಚ್ಚಿದರೆ ಜಾಸ್ತಿ. ಅಕ್ಕಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ರವೆಗಿಂತ ಸ್ವಲ್ಪ ನುಣ್ಣಗೆ ಅರೆದು, ತೆಮು ಗಿರಿಂಗ್ ಅನ್ನುವ ಹಳದಿ ಗೆಡ್ಡೆ, ಚೂರು ಕೆಂಚುರ್, ತೇಯ್ದ ಗಂಧ, ಒಣಗಿದ ದುಂಡುಮಲ್ಲಿಗೆ ಎಸಳು ಸೇರಿಸುತ್ತಾರೆ. ತೆಮು ಗಿರಿಂಗ್ ನಮ್ಮಲ್ಲಿ ಸಿಗುವುದಿಲ್ಲ, ಕಸ್ತೂರಿ ಅರಿಶಿನ ಹಾಕಿ. ಅದೂ ಮೂಸಿ ನೋಡಿ ತಗೊಳ್ಳಿ, ಗಾಢ ಹಳದಿ ಪುಡಿಗೆಲ್ಲ ಕಸ್ತೂರಿ ಅಂತ ಹೆಸರಿಟ್ಟು ಮಾರುತ್ತಾರೆ. ಮುದ್ದೆಯನ್ನು ತೆಳ್ಳಗೆ ಹಚ್ಚಿ, ಪೂರ್ತಿ ಒಣಗುವ ಮೊದಲೇ, ಇನ್ನೂ ಅಂಟಂಟಾಗಿರುವಾಗ ಅಂಗೈಯಿಂದ ಉರುಳಿಸಿ ಉರುಳಿಸಿ ತೆಗೆಯಬೇಕು. ಕೊಳೆ ಸೇರಿ ಶಾವಿಗೆ ಹಾಗೆ ಉದುರುತ್ತದೆ. ಒಣಗಿ ಗಟ್ಟಿಯಾದ ಮೇಲೆ ಕೆರೆದರೆ ಚರ್ಮ ಕೆಂಪಾಗುತ್ತದೆ, ಅಷ್ಟೇ. ವಾರಕ್ಕೊಮ್ಮೆ ಸಾಕು, ಮುಖಕ್ಕೆ ಬೇಡವೇ ಬೇಡ. ಹೋಟೆಲ್ ಸ್ಪಾಗಳಲ್ಲಿ ಕೊನೆಗೆ ಮೊಸರು ಬಳಿಯುತ್ತಾರೆ, ನಮ್ಮ ಗಲ್ಲಿಯಲ್ಲಿ ಯಾರೂ ಬಳಿದದ್ದು ಕಾಣೆ.

ನಿಂಬೆರಸ ಮಾತ್ರ ಬೆರೆಸಬೇಡಿ. ನನ್ನ ದೊಡ್ಡ ಮಗಳಿಗೆ ಬಣ್ಣ ಬೇಗ ತಿಳಿಯಾಗಲಿ ಅಂತ ನಾನು ಬೆರೆಸಿದೆ. ಸರಿಯಾಗಿ ತೊಳೆಯದೆ ಮಗು ಬಿಸಿಲಿಗೆ ಹೋಯಿತು. ಮಾರನೇ ದಿನ ಕತ್ತು, ತೋಳಿನ ಮೇಲೆ ಬೊಬ್ಬೆ, ಆಮೇಲೆ ಕಂದು ಪಟ್ಟೆ, ಹೋಗಲು ಎರಡು ತಿಂಗಳು. ನಿಂಬೆರಸಕ್ಕೂ ಬಿಸಿಲಿಗೂ ಆಗುವುದಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಮ್ಬಾಹ್ ಬೈಯಲಿಲ್ಲ. ಸುಮ್ನೆ ಬಂದು ಕೂತು, ದಿನಾ ಸಂಜೆ ಎಳೇ ಕೊಬ್ಬರಿ ಎಣ್ಣೆ ಸವರಿ ಹೋಗುತ್ತಿದ್ದರು.

ಅದೇ ಮಗಳ ಗೆಳತಿಯ ಮದುವೆಯಲ್ಲಿ ಸಿರಾಮಾನ್ ನೋಡಿದೆ, ಮದುವೆ ಹಿಂದಿನ ದಿನದ ಸ್ನಾನ. ಏಳು ಕಡೆಯಿಂದ ತಂದ ನೀರು, ಅದರಲ್ಲಿ ಗುಲಾಬಿ, ಮಲ್ಲಿಗೆ, ಕೆನಾಂಗಾ ಹೂವು, ಏಳು ಜನ ಹಿರಿಯರು ಒಬ್ಬರಾದ ಮೇಲೊಬ್ಬರು ತಲೆಗೆ ಹೊಯ್ಯುವುದು. ಜಾವಾ ಮಾತಿನಲ್ಲಿ ಏಳಕ್ಕೆ ಪಿತು, ನೆರವಿಗೆ ಪಿತುಲುಂಗಾನ್, ಅದಕ್ಕೇ ಏಳು. ನನ್ನ ಕೈಗೂ ಒಂದು ಚಿಪ್ಪು ನೀರು ಕೊಟ್ಟಿದ್ದರು. ತಲೆ ತೊಳೆಯಲು ಲಾಂಡಾ ಮೆರಾಂಗ್ ಇಟ್ಟಿದ್ದರು. ಭತ್ತದ ಹುಲ್ಲಿನ ಕಡ್ಡಿ ಸುಟ್ಟು, ಬೂದಿಯನ್ನು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಮೇಲಿನ ತಿಳಿ ಬಸಿದುಕೊಂಡರೆ ಅದೇ ಅವರ ಸೀಗೆಪುಡಿ. ಕ್ಷಾರ ಜಾಸ್ತಿ, ಹಾಗಾಗಿ ನಾಲ್ಕರಷ್ಟು ನೀರು ಬೆರೆಸಿ, ಕಣ್ಣಿಗೆ ಬೀಳದಂತೆ, ತಿಂಗಳಿಗೊಮ್ಮೆ ಸಾಕು. ಆಮೇಲೆ ಎಣ್ಣೆ ಹಚ್ಚಲೇಬೇಕು.

ಆ ಎಣ್ಣೆಗೆ ಚೆಮ್‌ಚೆಮಾನ್ ಅಂತ ಹೆಸರು. ಕೊಬ್ಬರಿ ಎಣ್ಣೆಗೆ ಊರಾಂಗ್ ಆರಿಂಗ್ ಸೊಪ್ಪು, ಪಾಂಡಾನ್, ಕೆನಾಂಗಾ, ಮಲ್ಲಿಗೆ ಹಾಕಿ ನೆನೆಸಿಡುವುದು. ಊರಾಂಗ್ ಆರಿಂಗ್ ಯಾವುದೋ ಅಪರೂಪದ್ದು ಅಂದುಕೊಂಡಿದ್ದೆ, ಮ್ಬಾಹ್ ಚರಂಡಿ ಪಕ್ಕದಿಂದ ಕಿತ್ತು ತಂದು ಕೈಗಿಟ್ಟರೆ ನಮ್ಮ ಗರುಗದ ಸೊಪ್ಪು! ನಮ್ಮಮ್ಮ ಗದ್ದೆ ಬದುವಿನಿಂದ ತಂದು ಕಾಯಿಸುತ್ತಿದ್ದದ್ದೇ. ಸೊಪ್ಪು, ಹೂವು ಒಂದು ದಿನ ನೆರಳಿನಲ್ಲಿ ಬಾಡಿರಬೇಕು, ನೀರಿನಂಶ ಉಳಿದರೆ ಎಣ್ಣೆ ಕಮಟು ಹಿಡಿಯುತ್ತದೆ. ತಲೆ ಆರಿಸುವಾಗ ರಾತುಸ್ ಧೂಪ ಹಾಕುತ್ತಾರೆ, ನಮ್ಮ ಸಾಂಬ್ರಾಣಿ ಹೊಗೆ ಹಾಗೇ.

ಬಾಣಂತನ ಅಲ್ಲಿ ಮೂವತ್ತೈದು ದಿನದ ಲೆಕ್ಕ. ಅವರಿಗೆ ಏಳು ದಿನದ ವಾರದ ಜೊತೆಗೆ ಐದು ದಿನದ ಸಂತೆವಾರವೂ ಇದೆ, ಎರಡೂ ಒಂದು ಸುತ್ತು ಬಂದರೆ ಮೂವತ್ತೈದು, ಅದಕ್ಕೆ ಸೆಲಾಪಾನ್ ಅನ್ನುತ್ತಾರೆ. ಹಣೆಗೆ ಪಿಲಿಸ್ ಲೇಪ, ಕೈಕಾಲಿಗೆ ಪಾರೆಮ್, ಹೊಟ್ಟೆಗೆ ತಾಪೆಲ್, ಮೇಲೆ ಉದ್ದ ಬಟ್ಟೆ ಬಿಗಿಯುವುದು. ಸಿಸೇರಿಯನ್ ಆದವರು ಗಾಯ ಮಾಯುವ ತನಕ ಲೇಪವೂ ಬೇಡ, ಬಿಗಿಯುವುದೂ ಬೇಡ, ಡಾಕ್ಟರು ಹೂಂ ಅಂದ ಮೇಲೆ ನೋಡೋಣ. ಎದೆಹಾಲಿಗೆ ಅವರು ಕೊಡುವ ಕಾತುಕ್ ಸೊಪ್ಪು ನಮ್ಮ ಹಿತ್ತಲಿನ ಚಕ್ರಮುನಿಯೇ. ಬೇಯಿಸಿ ಸಾರು ಮಾಡಿ, ಪಲ್ಯ ಮಾಡಿ, ಚೆನ್ನಾಗಿರುತ್ತದೆ. ಹಸಿ ರಸ ಹಿಂಡಿ ದಿನಾ ಕುಡಿಯಬೇಡಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಹಾಗೆ ಕುಡಿದು ಎಷ್ಟೋ ಹೆಂಗಸರ ಶ್ವಾಸಕೋಶ ಮತ್ತೆ ಸರಿಯಾಗದಂತೆ ಹಾಳಾಯಿತು.

ಮೈಸೂರಿಗೆ ವಾಪಸ್ ಬಂದ ಮೇಲೆ ತಾಜಾ ಕಚೋರಕ್ಕೆ ಪರದಾಡಿದೆ. ಈಗ ಕುಂಡದಲ್ಲಿ ಬೆಳೆಯುತ್ತೇನೆ, ಬಹಳ ಸುಲಭ. ಒಣಗದ, ಮೊಳಕೆ ಕಣ್ಣಿರುವ ಗೆಡ್ಡೆಯನ್ನು ಮೇ ಕೊನೆಯಲ್ಲಿ ಅಗಲ ಬಾಯಿಯ ಕುಂಡದಲ್ಲಿ ಎರಡು ಬೆರಳು ಆಳಕ್ಕೆ ಇಡಿ, ಮಣ್ಣಿಗೆ ಅರ್ಧಪಾಲು ಮರಳು, ಗೊಬ್ಬರ ಇರಲಿ, ನೀರು ನಿಲ್ಲಬಾರದು. ಎಲೆ ಮೇಲೆ ಏಳುವುದಿಲ್ಲ, ನೆಲಕ್ಕೆ ಅಂಗೈ ಊರಿದ ಹಾಗೆ ಚಪ್ಪಟೆ ಮಲಗುತ್ತದೆ, ನಡುವೆ ನೇರಳೆ ಚುಕ್ಕೆಯ ಬಿಳಿ ಹೂವು ಒಂದೊಂದು. ಡಿಸೆಂಬರಿನಲ್ಲಿ ಎಲೆ ಒಣಗಿದಾಗ ಗಿಡ ಸತ್ತಿತು ಅಂತ ಕಿತ್ತೆಸೆಯಬೇಡಿ, ಗೆಡ್ಡೆ ಬಲಿತದ್ದರ ಗುರುತು ಅದು. ನೀರು ನಿಲ್ಲಿಸಿ, ಜನವರಿಯಲ್ಲಿ ಅಗೆದು ಬೇಕಾದಷ್ಟು ತೆಗೆದುಕೊಂಡು, ನಾಲ್ಕು ಗೆಡ್ಡೆ ಒಣ ಮರಳಿನಲ್ಲಿ ಮುಂದಿನ ಮಳೆಗೆ ಇಟ್ಟುಕೊಳ್ಳಿ.